ನಲವತ್ತೊಂದು ಸೆಕೆಂಡಿನ ಭುಜ

ಫಿಸಿಯೊಥೆರಪಿ ಓದುವಾಗ ನಮಗೆ ಮೊದಲ ವರ್ಷವೇ ಕಲಿಸುವ ಒಂದು ಪದ್ಧತಿ ಇದೆ. ನೋವಿರುವ ಕೈಯನ್ನು ಮುಟ್ಟುವ ಮೊದಲು ಚೆನ್ನಾಗಿರುವ ಕೈಯನ್ನು ಪರೀಕ್ಷಿಸಬೇಕು. ಒಳ್ಳೆಯ ಕೈ ಎಷ್ಟು ಎತ್ತರ ಏಳುತ್ತದೆ ಎಂದು ಗೊತ್ತಾದರೆ ಕೆಟ್ಟ ಕೈ ಎಷ್ಟು ಕಳೆದುಕೊಂಡಿದೆ ಎಂಬುದು ತಿಳಿಯುತ್ತದೆ. ಈಕೆ ಮುಟ್ಟಿದ ಕೂಡಲೇ ನೋಯಿಸುವವಳಲ್ಲ ಎಂದು ರೋಗಿಗೂ ಧೈರ್ಯ ಬರುತ್ತದೆ. ನಾನು ಮಾಡಿದ ತಪ್ಪು ಶುರುವಾದದ್ದು ಈ ಒಳ್ಳೆಯ ಪದ್ಧತಿಯಿಂದಲೇ. ಒಳ್ಳೆಯ ಕೈಯ ವಿಡಿಯೊ ನನ್ನ ಫೋನಿನಲ್ಲಿ ಇಲ್ಲದಿದ್ದರೆ ಆ ತಪ್ಪು ಮಾಡಲು ನನ್ನ ಹತ್ತಿರ ಸಾಮಾನೇ ಇರುತ್ತಿರಲಿಲ್ಲ.

ಆಗ ನಾನು ಬೀದರ್‌ನಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕ್ಲಿನಿಕ್ ತೆರೆದು ಒಂದು ವರ್ಷವಾಗಿತ್ತು. ಸೋಮವಾರ ಭಾಲ್ಕಿಗೆ, ಗುರುವಾರ ಔರಾದಿಗೆ ಹೋಗಿ ಬೇರೆ ಡಾಕ್ಟರರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೂರುತ್ತಿದ್ದೆ. ನಮ್ಮ ಕಡೆ ಸೊಂಟ ಹಿಡಿದರೆ ಇಂಜೆಕ್ಷನ್, ಕಾಲು ಉಳುಕಿದರೆ ಎಣ್ಣೆ ತಿಕ್ಕುವವರು. ಈ ಎರಡರ ನಡುವೆ ನನ್ನಂಥವಳಿಗೆ ಜಾಗ ಹುಡುಕುವುದೇ ಒಂದು ಉದ್ಯೋಗವಾಗಿತ್ತು. ಭಾಲ್ಕಿಯ ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗುಳಗಿ ಕೊಡಂಗಿಲ್ಲ, ಸೂಜಿ ಚುಚ್ಚಂಗಿಲ್ಲ. ಮತ್ತ ನೀ ಎಂಥಾ ಡಾಕ್ಟರವ್ವಾ?" ಎಂದು ಕೇಳಿ ಎದ್ದು ಹೋಗಿದ್ದ. ಆತನ ಮೇಲೆ ನನಗೆ ಸಿಟ್ಟು ಬಂದಿರಲಿಲ್ಲ. ಅದೇ ಪ್ರಶ್ನೆಯನ್ನು ಖಾಲಿ ಕುರ್ಚಿಗಳ ಮುಂದೆ ಕೂತು ನಾನೂ ಕೇಳಿಕೊಂಡಿದ್ದೆ.

ಹಾಗಾಗಿ ವಿಡಿಯೊ ಮಾಡಲು ಶುರು ಮಾಡಿದೆ. ರೊಟ್ಟಿ ಬಡಿಯುವಾಗ ಹೇಗೆ ಕೂರಬೇಕು, ನೆಲದಿಂದ ಹೇಗೆ ಏಳಬೇಕು, ಬಸ್ಸಿನಲ್ಲಿ ನಿಂತು ಹೋಗುವಾಗ ಮೊಣಕಾಲು ಹೇಗಿಡಬೇಕು. ಎಲ್ಲ ಸರಿಯಾದ ಮಾತು, ಎಲ್ಲ ನಮ್ಮ ಭಾಷೆಯಲ್ಲೇ. ನೋಡಿದವರು ನಮ್ಮ ಚರ್ಚಿನ ಬಳಗ ಮತ್ತು ಅಕ್ಕತಂಗಿಯರು ಮಾತ್ರ. ಮದುವೆ ವಿಡಿಯೊ ತೆಗೆಯುವ ಪರಿಚಯದವನೊಬ್ಬ ನನ್ನ ಮೇಲೆ ಕನಿಕರಪಟ್ಟ.

"ಅಕ್ಕಾ, ಪಾಠ ಯಾರ್ ನೋಡ್ತಾರ? ಮಂದಿಗಿ ಫರಕ್ ತೋರಸ್ರಿ, ಫರಕ್. ಮೊದಲ ಹಿಂಗಿತ್ತು, ಈಗ ಹಿಂಗಾತು. ಅಷ್ಟೇ. ಮಾತು ಬ್ಯಾಡ."

ಫರಕ್ ತೋರಿಸಲು ನನಗೊಂದು ಭುಜ ಬೇಕಾಗಿತ್ತು. ಔರಾದಿನಲ್ಲಿ ಸಿಕ್ಕಿತು.

ಆಕೆಗೆ ಐವತ್ತರ ಆಸುಪಾಸು. ಔರಾದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ನಾನು ಆಕೆಯನ್ನು ಮೌಶಿ ಎಂದು ಕರೆಯುತ್ತಿದ್ದೆ. ಗಡಿಯ ಆಚೆಯಿಂದ ಬಂದ ಈ ಪದ ನಮ್ಮಲ್ಲಿ ಚಿಕ್ಕಮ್ಮನಿಗೂ ಸಲ್ಲುತ್ತದೆ, ಗುರುತಿನ ಹಿರಿಯ ಹೆಂಗಸಿಗೂ ಸಲ್ಲುತ್ತದೆ. ಆಕೆ ನನ್ನನ್ನು ಬಾಯಿ ಎನ್ನುತ್ತಿದ್ದಳು, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ. ಮಕ್ಕಳ ಊಟ ಮುಗಿಸಿ, ಪಾತ್ರೆ ತಿಕ್ಕಿಸಿಟ್ಟು, ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು. ಎಡ ಮೂಗಿನಲ್ಲಿ ಕೆಂಪು ಹರಳಿನ ಮೂಗುತಿ, ಕೈಯಲ್ಲಿ ಬಟ್ಟೆಯ ಚೀಲ.

"ಬಾಯಿ, ಬಲ ಭುಜ ಹಿಡದದ್ರಿ. ಜಡಿ ಹಾಕ್ಕೋಲಾಕ ಬರಂಗಿಲ್ಲ. ಸೌಟು ತಿರಗಸ್ತೀನಿ, ಬೋಗಾಣಿ ಇಳಸ್ಲಾಕ ಆಗಂಗಿಲ್ಲ. ಜ್ವಾಡಿ ಅಡಗಿ ಮಾಡಾಕಿ ಮೊದಮೊದಲ ಇಳಸ್ತಿದ್ಲು. ಈಗ ಮುಖಾ ಮುರೀಲಾಕತ್ಯಾಳ."

ಬೋಗಾಣಿ ಎಂದರೆ ಇಲ್ಲಿ ಮನೆಯ ಪಾತ್ರೆಯಲ್ಲ. ನೂರಾರು ಮಕ್ಕಳಿಗೆ ಅನ್ನ ಬೇಯುವ, ಎರಡು ಹಿಡಿಕೆಯ ದೊಡ್ಡ ಪಾತ್ರೆ. ಮೌಶಿಗೆ ಸಕ್ಕರೆ ಕಾಯಿಲೆಯೂ ಇತ್ತು. ಅಂಥವರಲ್ಲಿ ಭುಜದ ಕೀಲಿನ ಸುತ್ತಲಿನ ಚೀಲ ಬಿಗಿದುಕೊಳ್ಳುವುದು ಹೆಚ್ಚು. ಪದ್ಧತಿಯಂತೆ ಮೊದಲು ಎಡಗೈ ಎತ್ತಿಸಿದೆ. ಕೋನ ಅಳೆಯುವ ಪಟ್ಟಿ ಹಿಡಿದು ನೋಡಿದರೆ ನೂರ ಎಪ್ಪತ್ತು ಡಿಗ್ರಿ, ಕಿವಿಗೆ ತಾಗುವಷ್ಟು. ಬಲಗೈ ಎಂಬತ್ತೈದಕ್ಕೆ ನಿಂತಿತು. ಭುಜದ ಎತ್ತರಕ್ಕೂ ಬರಲಿಲ್ಲ. ಎರಡನ್ನೂ ಫೋನಿನಲ್ಲಿ ಹಿಡಿದುಕೊಂಡೆ. ದಾಖಲೆಗೆ ಎಂದು ಹೇಳಿದೆ. ಆ ದಿನ ಅದು ನಿಜವೇ ಆಗಿತ್ತು.

ಚಿಕಿತ್ಸೆಯಲ್ಲಿ ಜಾದೂ ಏನಿಲ್ಲ. ಹದಿನೈದು ನಿಮಿಷ ಬಿಸಿ ಚೀಲ ಇಡುವುದು, ಜೆಲ್ ಹಚ್ಚಿ ಮಷೀನು ಆಡಿಸುವುದು, ಆಮೇಲೆ ತೋಳನ್ನು ಮೆಲ್ಲಗೆ ಎಳೆದು ಕೀಲನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುವುದು. ಮನೆಯಲ್ಲಿ ಮಾಡಲು ಎರಡು ವ್ಯಾಯಾಮ. ಮುಂದೆ ಬಾಗಿ ಕೈಯನ್ನು ತೂಗಾಡಿಸುವುದು ಒಂದು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಮೇಲೇರಿಸುವುದು ಇನ್ನೊಂದು. ಎಷ್ಟು ಎತ್ತರ ಮುಟ್ಟಿದೆ ಎಂದು ವಾರಕ್ಕೊಮ್ಮೆ ಗೆರೆ ಹಾಕಿಕೊಳ್ಳಲು ಹೇಳಿದೆ. ಮೌಶಿ ಸೀಮೆಸುಣ್ಣದ ತುಂಡಿನಿಂದ ಶಾಲೆಯ ಅಡುಗೆಕೋಣೆಯ ಗೋಡೆಗೇ ಗೆರೆ ಹಾಕತೊಡಗಿದಳು.

ಬಿಸಿ ಚೀಲ ಇಟ್ಟ ಹದಿನೈದು ನಿಮಿಷ ಆಕೆ ಮಾತಾಡುತ್ತಿದ್ದಳು. ಅವರದು ದಲಿತ ಕೇರಿಯ ಬೌದ್ಧ ಮನೆತನ. ಆಕೆ ಅಡುಗೆಗೆ ಸೇರಿದ ಮೊದಲ ವರ್ಷ ಊರಿನ ಕೆಲವು ಮನೆಗಳವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರಂತೆ. "ಅಂಗಳದಾಗ ಅರ್ಧ ಮಕ್ಕಳು ನನ್ನ ಅನ್ನ ಉಣ್ಣಾವು, ಅರ್ಧ ಮಕ್ಕಳು ಡಬ್ಬಿ ತಗದು ಉಣ್ಣಾವು. ನಾ ಏನೂ ಅನ್ಲಿಲ್ರಿ. ಸಾರು ಬರೋಬ್ಬರಿ ಮಾಡ್ಕೋತ ಹೋದೆ." ಒಂದೊಂದೇ ಡಬ್ಬಿ ಬರುವುದು ನಿಂತಿತು. ಎಲ್ಲ ಡಬ್ಬಿ ನಿಲ್ಲಲು ಮೂರು ವರ್ಷ ಹಿಡಿಯಿತು. ಕೊನೆಗೆ ಸ್ಟೋರ್ ರೂಮಿನ ಕೀಲಿಯನ್ನೂ ಆಕೆಯ ಕೈಗೇ ಕೊಟ್ಟರು. ಆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನನ್ನಲ್ಲಿಗೆ ಬರುತ್ತಿದ್ದಳು.

ಆರು ವಾರವಾದ ಮೇಲೆ ಬಲಗೈ ನೂರ ಹದಿನೈದು ಡಿಗ್ರಿಗೆ ಬಂತು. ಭುಜ ಬಲ್ಲವರಿಗೆ ಅದು ಒಳ್ಳೆಯ ಫಲ. ಮೌಶಿ ತಾನೇ ಜಡೆ ಹಾಕಿಕೊಂಡು ಬಂದಿದ್ದಳು, ಖುಷಿಯಲ್ಲಿದ್ದಳು. ಈಗ ಫರಕ್ ಇದೆ ಎಂದುಕೊಂಡು ವಿಡಿಯೊ ತೆಗೆದು ಎಲ್ಲರಿಗೂ ತೋರಿಸಲೇ ಎಂದು ಕೇಳಿದೆ. "ನಿಮಗ ಚೊಲೋ ಆಗ್ತದಂದ್ರ ಹಾಕ್ರಿ ಬಾಯಿ, ನಂದೇನ್ ಹೋಗ್ತದ?" ಎಂದಳು.

ಔರಾದಿನಿಂದ ಬೀದರಿಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಲಗೈಯ ಮೊದಲ ದಿನದ ತುಣುಕು, ಆ ದಿನ ತೆಗೆದ ತುಣುಕು ಎರಡನ್ನೂ ಜೋಡಿಸಿದೆ. ನೋಡಿ ಮುಖ ಸಪ್ಪಗಾಯಿತು. ಎಂಬತ್ತೈದು ಮತ್ತು ನೂರ ಹದಿನೈದರ ನಡುವಿನ ಫರಕ್ ಪಟ್ಟಿ ಹಿಡಿದ ನನಗೆ ಕಾಣುತ್ತದೆ, ಜಡೆ ಹಾಕಿಕೊಂಡ ಮೌಶಿಗೆ ಕಾಣುತ್ತದೆ. ಫೋನಿನ ಪರದೆಯಲ್ಲಿ ಅದು ಏನೂ ಅಲ್ಲ. ಮೊದಲೂ ಅರ್ಧ ಎತ್ತಿದ ಕೈ, ಆಮೇಲೂ ಅರ್ಧ ಎತ್ತಿದ ಕೈ.

ಪರದೆಯ ಅದೇ ಸಾಲಿನಲ್ಲಿ, ಒಂದು ಬೆರಳಿನ ದೂರದಲ್ಲಿ, ಮೊದಲ ದಿನದ ಎಡಗೈಯ ತುಣುಕು ಇತ್ತು. ಕಿವಿಗೆ ತಾಗಿ ನಿಂತ ತೋಳು. ಅದರ ಕೆಳಗೆ ಚಿತ್ರದ ಎಡಬಲ ಅದಲುಬದಲು ಮಾಡುವ ಗುಂಡಿ ಇತ್ತು. ಒತ್ತಿದೆ. ಎಡಗೈ ಬಲಗೈ ಆಯಿತು.

ಸುಮ್ಮನೆ ನೋಡೋಣ ಎಂದು ಒತ್ತಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಸುಮ್ಮನೆ ನೋಡುವವಳು ಹಿಂದೆ ಕ್ಯಾಲೆಂಡರ್ ಕಾಣುತ್ತದೆಯೇ, ಅಕ್ಷರ ಉಲ್ಟಾ ಆಗಿದೆಯೇ ಎಂದು ಹುಡುಕುವುದಿಲ್ಲ. ನಾನು ಹುಡುಕಿದೆ. ಹಿಂದೆ ಬರೀ ಹಸಿರು ಪರದೆ. ಸೆರಗು ಯಾವ ಭುಜದ ಮೇಲಿದೆ ಎಂದು ನೋಡಿದೆ. ಆಕೆ ಸೆರಗನ್ನು ತೆಗೆದು ಸೊಂಟಕ್ಕೆ ಸುತ್ತಿದ್ದಳು. ಬಳೆ ಎರಡೂ ಕೈಯಲ್ಲಿ ಸಮ. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಮೊದಲ ದಿನದ ಬಲಗೈಯ ಮೇಲೆ "ಮೊದಲು" ಎಂದೂ ತಿರುವಿದ ಎಡಗೈಯ ಮೇಲೆ "ನಂತರ" ಎಂದೂ ಬರೆದೆ. ಎರಡರಲ್ಲೂ ಸೀರೆ ಒಂದೇ, ಆದರೆ ಒಂದೇ ದಿನದಲ್ಲಿ ಗುಣವಾಯಿತು ಎಂದು ಎಲ್ಲೂ ಬರೆಯಲಿಲ್ಲ. ಬರೆಯದಿದ್ದುದನ್ನೇ ಪ್ರಾಮಾಣಿಕತೆ ಎಂದುಕೊಂಡೆ. ಒಟ್ಟು ನಲವತ್ತೊಂದು ಸೆಕೆಂಡು. ಬೀದರ್ ಕೋಟೆಯ ಗೋಡೆ ಕಾಣುವ ಹೊತ್ತಿಗೆ ವಿಡಿಯೊ ಹೊರಗೆ ಬಿದ್ದಿತ್ತು.

ಮುಂದಿನ ಗುರುವಾರ ಮೌಶಿಗೆ ತೋರಿಸಿದೆ. ಮೂರು ಸಲ ಹಾಕಿಸಿಕೊಂಡು ನೋಡಿ ನಕ್ಕಳು. ಆಮೇಲೆ ಪರದೆಗೆ ಬೆರಳು ಹಚ್ಚಿದಳು.

"ಬಾಯಿ, ನನ್ನ ಮೂಗುತಿ ಈ ಕಡಿ ಹ್ಯಾಂಗ ಬಂತ್ರಿ?"

ಕ್ಯಾಲೆಂಡರ್ ಹುಡುಕಿದವಳು ಮೂಗು ನೋಡಿರಲಿಲ್ಲ. ಆದರೂ ಬಾಯಿ ತಡವರಿಸಲಿಲ್ಲ. "ಮೊಬೈಲ್‌ದಾಗ ಹಂಗೇ ಬರ್ತದ ಮೌಶಿ, ಕನ್ನಡಿ ಇದ್ದಂಗ," ಎಂದೆ. ಆಕೆ "ಹೌದೇನ್ರಿ" ಎಂದು ಒಂದು ಗಳಿಗೆ ತನ್ನ ಎಡಗೈ ನೋಡಿಕೊಂಡಳು. ನಾನು ಬಿಸಿ ಚೀಲ ತರಲು ಒಳಗೆ ಹೋದೆ.

ವಿಡಿಯೊ ನನ್ನ ಅಂದಾಜು ಮೀರಿ ಓಡಿತು. ಬೀದರ್‌ನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಚಪ್ಪಲಿ ಇಡಲು ಜಾಗವಿಲ್ಲದಾಯಿತು. ಎದ್ದು ಹೋಗಿದ್ದ ಭಾಲ್ಕಿಯ ಅಜ್ಜ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ. ಹೊಸದಾಗಿ ಏಳುತ್ತಿದ್ದ ಒಂದು ಖಾಸಗಿ ಆಸ್ಪತ್ರೆಯ ಸರ್ಜನ್ ಫೋನ್ ಮಾಡಿ, ತಮ್ಮಲ್ಲಿ ಫಿಸಿಯೊಥೆರಪಿ ವಿಭಾಗ ನೋಡಿಕೊಳ್ಳುತ್ತೀರಾ ಎಂದರು. "ನಿಮ್ಮ ಸರ್ಟಿಫಿಕೇಟ್ ನೋಡ್ಲಿಲ್ಲ ನಾ, ವಿಡಿಯೊ ನೋಡ್ದೆ. ಕೆಲಸ ಅಂದ್ರ ಅದು," ಎಂದರು. ನಾನು ಒಪ್ಪಿಕೊಂಡೆ, ಹಿಗ್ಗಿ ಹೀರೇಕಾಯಿಯಾದೆ.

ಮೊದಲ ಚುಚ್ಚು ಭಾಲ್ಕಿಯಲ್ಲಿ ಬಿತ್ತು. ಒಬ್ಬಾತ ಲಕ್ವ ಹೊಡೆದ ತಾಯಿಯನ್ನು ಎತ್ತಿಕೊಂಡೇ ತಂದಿದ್ದ. ಕೈಗೆ ಚಲನೆ ಬರಲು ತಿಂಗಳುಗಳು ಬೇಕು, ಪೂರ್ತಿ ಬರದೆಯೂ ಇರಬಹುದು ಎಂದೆ. ಆತ ಫೋನ್ ತೆಗೆದು ನನ್ನ ವಿಡಿಯೊ ನನಗೇ ತೋರಿಸಿದ. "ಈ ಬಾಯೀದು ಒಂದೇ ಸಲಕ್ಕ ಎತ್ತಿಸೀರಿ. ನಮ್ಮವ್ವಗ ಯಾಕ ತಿಂಗಳುಗಟ್ಟಲೆ ಅಂತೀರಿ?" ಅದು ಬೇರೆ ರೋಗ, ಇದು ಬೇರೆ ರೋಗ ಎಂದು ವಿವರಿಸಿದೆ. ಆತ ನಂಬಲಿಲ್ಲ. ನಾನು ಅವರನ್ನು ಬೇಕೆಂದೇ ಸತಾಯಿಸುತ್ತಿದ್ದೇನೆ ಎಂದುಕೊಂಡು ತಾಯಿಯನ್ನು ಮತ್ತೆ ಎತ್ತಿಕೊಂಡು ಇಳಿದು ಹೋದ. ಆದರೂ ನಾನು ವಿಡಿಯೊ ಅಳಿಸಲಿಲ್ಲ.

ಇಷ್ಟರಲ್ಲಿ ಮೌಶಿ ಎರಡು ಗುರುವಾರ ಬರಲಿಲ್ಲ. ಫೋನ್ ಮಾಡಿದರೆ ಆಕೆಯ ಸೊಸೆ ಎತ್ತಿದಳು. ನನ್ನ ಹೆಸರು ಹೇಳುತ್ತಲೇ ಆಕೆಯ ದನಿ ಗಡುಸಾಯಿತು.

"ಅತ್ತಿಯವ್ರು ಸಾಲಿಗಿ ಹೋಗ್ಲಾಕತ್ತಿಲ್ರಿ. ನಿಮ್ಮ ವಿಡಿಯೊದ ಸಲುವಾಗೇ."

ಹೇಳುತ್ತ ಹೋದಳು. ಊರಿನ ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ ಬಂದಿತ್ತು. ಜೊತೆಯ ಅಡುಗೆಯವಳು ಅದನ್ನು ಹೆಡ್ ಮಾಸ್ತರರಿಗೆ ತೋರಿಸಿದ್ದಳು. ಕೈ ಕಿವಿಗೆ ತಾಗುವಷ್ಟು ಏಳುತ್ತದೆ, ಬೋಗಾಣಿ ಇಳಿಸುವಾಗ ಮಾತ್ರ ನೋವು ಅಂತಾಳೆ, ಮೈಗಳ್ಳತನ, ಎಂದು. ಎಲ್ಲರ ಎದುರು ಮಾತು ಬಂದಾಗ ಮೌಶಿ ಮಾತಾಡದೆ ಹೋಗಿ ಅನ್ನದ ಬೋಗಾಣಿಗೆ ಕೈ ಹಾಕಿದ್ದಾಳೆ. ಅರ್ಧ ಎತ್ತುವಷ್ಟರಲ್ಲಿ ಭುಜ ಕೈಕೊಟ್ಟಿದೆ. ಅನ್ನವೆಲ್ಲ ನೆಲಕ್ಕೆ. ಯಾರಿಗೂ ಸುಡಲಿಲ್ಲ ಎಂಬುದಷ್ಟೇ ಪುಣ್ಯ. ಆದರೆ ಆ ಮಧ್ಯಾಹ್ನ ಮಕ್ಕಳು ಬಿಸ್ಕತ್ತು ತಿಂದು ಮನೆಗೆ ಹೋಗಿದ್ದರು. ಬೇಕೆಂದೇ ಕೆಡವಿದಳು ಎಂದು ಕೆಲವರು. ಸ್ಟೋರ್ ರೂಮಿನ ಕೀಲಿ ಜೊತೆಯವಳ ಕೈಗೆ ಹೋಯಿತು. ಬರುವ ಶನಿವಾರ ಶಾಲೆಯ ಸಮಿತಿ ಸೇರಿ ಆಕೆಯನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಮಾತಾಡುವುದಿತ್ತು.

ಮರುದಿನವೇ ಲೆಟರ್‌ಹೆಡ್ಡಿನ ಮೇಲೆ ಪ್ರಮಾಣಪತ್ರ ಬರೆದು ಸಹಿ, ಸೀಲು ಹಾಕಿ ಹಳ್ಳಿಗೆ ಹೋದೆ. ಭಾರ ಎತ್ತಬಾರದು, ಚಿಕಿತ್ಸೆ ನಡೆಯುತ್ತಿದೆ, ಇತ್ಯಾದಿ. ವಿಡಿಯೊದ ಬಗ್ಗೆ ಒಂದಕ್ಷರ ಇರಲಿಲ್ಲ. ಹೆಡ್ ಮಾಸ್ತರ್ ಕೆಟ್ಟ ಮನುಷ್ಯರಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಡಚಿ ಮೇಜಿನ ಮೇಲಿಟ್ಟರು.

"ಮೇಡಮ್ಮೋರ, ವಿಡಿಯೊನೂ ನೀವೇ ಹಾಕೀರಿ, ಚೀಟಿನೂ ನೀವೇ ತಂದೀರಿ. ಯಾವುದು ಖರೆ ಅಂತ ತಿಳೀಬೇಕ್ರಿ ನಾವು?"

ಉತ್ತರ ನಾಲಿಗೆಯ ಮೇಲೇ ಇತ್ತು. "ಚೀಟಿ ಖರೆ ಸರ್" ಎಂದಷ್ಟೇ ಹೇಳಿದೆ. ಮತ್ತೆ ವಿಡಿಯೊ? ಎಂದು ಅವರು ಕೇಳಲಿಲ್ಲ. ಕೇಳದಿದ್ದುದಕ್ಕೆ ನಾನು ಒಳಗೊಳಗೇ ಹಗುರಾದೆ. ಅದನ್ನು ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ಮೌಶಿಯ ಮನೆಗೆ ಹೋದೆ. ಹೊರಸಿನ ಮೇಲೆ ಕೂರಿಸಿ ಅಳೆದೆ. ಎಂಬತ್ತು. ಆರು ವಾರದಲ್ಲಿ ಗಳಿಸಿದ್ದೆಲ್ಲ ಹೋಗಿ ಮೊದಲಿಗಿಂತಲೂ ಕೆಳಗೆ ಇಳಿದಿತ್ತು. ಆಕೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಚಾ ಕುಡೀರಿ, ಬಿಸಲಾಗ ಬಂದೀರಿ," ಎಂದು ಸೊಸೆಯನ್ನು ಕರೆದಳು. ಸೊಸೆ ಚಹಾ ತಂದು ನನ್ನ ಮುಖ ನೋಡದೆ ಇಟ್ಟು ಹೋದಳು.

ಬೀದರಿಗೆ ಬಂದು ವಿಡಿಯೊ ಅಳಿಸಿದೆ. ಅಳಿಸಿದರೆ ಏನಾಯಿತು, ಅದಾಗಲೇ ನೂರಾರು ಫೋನುಗಳಲ್ಲಿ ಬೀಡುಬಿಟ್ಟಿತ್ತು. ಮರುದಿನ ಸರ್ಜನ್ ಫೋನು ಬಂತು. "ವಿಡಿಯೊ ಎಲ್ಲಿ ಹೋಯ್ತ್ರಿ? ಉದ್ಘಾಟನಿ ದಿನ ದೊಡ್ಡ ಪರದಿ ಮ್ಯಾಲ ಹಾಕೋವ್ರಿದ್ದಿವಿ. ನನಗ ಕಳಸ್ರಿ." ಫೋನ್ ಕೆಟ್ಟಿದೆ ಸರ್, ನೋಡ್ತೇನೆ ಎಂದೆ. ಒಂದು ಸುಳ್ಳು ಸಾಕಲು ಇನ್ನೆಷ್ಟು ಬೇಕಾಗುತ್ತದೋ ಎಂದು ಆಗ ಮೊದಲ ಬಾರಿಗೆ ಹೆದರಿಕೆಯಾಯಿತು.

ಅಮ್ಮನಿಗೆ ಹೇಳಿದೆ. ಅವಳು ಮಿಷನ್ ಕಾಲದ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು. ಸೊಪ್ಪು ಸೋಸುತ್ತ ಪೂರ್ತಿ ಕೇಳಿಸಿಕೊಂಡಳು. "ನಾವು ಜ್ವರದ ಚಾರ್ಟ್ ಬರಿಯೋವಾಗ ಒಂದು ಸಲ ಅಳೆಯೋದು ಮರ್ತಿದ್ದೆ. ಹಿಂದಿನದ ನೋಡಿ ಅಂದಾಜಿಲೆ ಚುಕ್ಕಿ ಇಟ್ಟೆ. ಸಿಸ್ಟರ್ ಬಂದು ಎಲ್ಲಾರ ಮುಂದ ಚಾರ್ಟ್ ಹರದು ಒಗದ್ಲು," ಎಂದಳು. ಆಮೇಲೆ ಏನಾಯಿತು ಎಂದು ಕೇಳಿದೆ. "ಏನಾಗ್ತದ, ಹೋಗಿ ಅಳದೆ. ನೀನೂ ಹೋಗು," ಎಂದಳು.

ಶನಿವಾರ ಹೋದೆ. ಆದರೆ ಇಲ್ಲಿಯೂ ನನ್ನ ಜಾಣತನ ಜೊತೆಗೇ ಬಂದಿತ್ತು. ಸಮಿತಿಯ ಹತ್ತು ಮಂದಿಯ ಮುಂದೆ, ನಾಲ್ಕು ಗೋಡೆಯ ಒಳಗೆ ಸತ್ಯ ಹೇಳಿಬಿಡುವುದು. ಮೌಶಿಯ ಕೆಲಸ ಉಳಿಯುತ್ತದೆ. ಈ ಮಾತು ಔರಾದ ದಾಟಿ ಬೀದರಿಗೆ ಬರುವುದರೊಳಗೆ ನಾನು ಆಸ್ಪತ್ರೆ ಸೇರಿರುತ್ತೇನೆ. ಬಸ್ಸಿನಲ್ಲಿ ಇದನ್ನೇ ಮಡಚಿ ಮಡಚಿ ಇಟ್ಟುಕೊಂಡಿದ್ದೆ.

ಒಂದು ತರಗತಿಯ ಕೋಣೆಯಲ್ಲಿ ಚಾಪೆ ಹಾಸಿದ್ದರು. ಮೌಶಿ ಬಾಗಿಲ ಹತ್ತಿರ ಕೂತಿದ್ದಳು. ಹೆಡ್ ಮಾಸ್ತರ್ ಮೊದಲು ಆಕೆಗೆ ಫೋನ್ ತೋರಿಸಿದರು.

"ಇದು ನೀವೇ ಹೌದಿಲ್ಲೋ?"

"ನಾನೇ ರೀ."

"ಕೈ?"

ಮೌಶಿ ನನ್ನ ಕಡೆ ಒಮ್ಮೆ ನೋಡಿದಳು. "ನಂದೇ ರೀ," ಎಂದಳು.

ಅದು ನಿಜವೇ. ಕೈ ಆಕೆಯದೇ. ಯಾವ ಕೈ ಎಂದು ಅವರು ಕೇಳಲಿಲ್ಲ, ಆಕೆ ಹೇಳಲಿಲ್ಲ.

ನಾನು ಎದ್ದು ನಿಂತೆ. ಮಾತಿಗೆ ಮೊದಲೇ ಕಣ್ಣು ತುಂಬಿದ್ದವು, ಅದಕ್ಕೂ ನಾಚಿಕೆಯಾಯಿತು. "ಅದು ಎಡಗೈ ಸರ್. ನೋವಿರದ ಕೈ. ನಾನೇ ತಿರುವಿ ಹಾಕೀನಿ," ಎಂದೆ. ಯಾರಿಗೂ ಅರ್ಥವಾಗಲಿಲ್ಲ. ನನ್ನ ಫೋನಿನಲ್ಲಿದ್ದ ಮೂರೂ ಮೂಲ ತುಣುಕುಗಳನ್ನು ಒಂದೊಂದಾಗಿ ತೋರಿಸಿದೆ. ಮೂಗುತಿ ತೋರಿಸಿದೆ. ಆಮೇಲೆ ಎಲ್ಲರನ್ನೂ ಅಡುಗೆಕೋಣೆಗೆ ಕರೆದೊಯ್ದೆ. ಒಲೆಯ ಪಕ್ಕದ ಗೋಡೆಯ ಮೇಲೆ ಏಳು ಸೀಮೆಸುಣ್ಣದ ಗೆರೆಗಳಿದ್ದವು. ಒಂದರಿಂದ ಒಂದಕ್ಕೆ ಎರಡು ಬೆರಳು, ಮೂರು ಬೆರಳು. ಕೊನೆಯ ಗೆರೆ ಮೌಶಿಯ ಹಣೆಯ ಎತ್ತರಕ್ಕಿತ್ತು. ಬಲಗೈ ಅಲ್ಲಿಯವರೆಗೆ ಹೋಗಿತ್ತು. ಅದಕ್ಕಿಂತ ಮೇಲೆ ಎಂದೂ ಹೋಗಿರಲಿಲ್ಲ.

ಹೆಡ್ ಮಾಸ್ತರ್ ಗೆರೆಗಳನ್ನು ಬಹಳ ಹೊತ್ತು ನೋಡಿದರು. "ದಿನಾ ನೋಡ್ತಿದ್ದೆ ಇವ್ನ. ಮಕ್ಕಳು ಗೀಚ್ಯಾವ ಅಂದ್ಕೊಂಡಿದ್ದೆ," ಎಂದರು.

ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಸಮಿತಿಯಲ್ಲಿದ್ದ ಒಬ್ಬ ತಾಯಿ, ಅಲ್ಲಿಯವರೆಗೆ ಬಾಯಿ ಬಿಡದವಳು, ಸೆರಗು ಸರಿಪಡಿಸಿಕೊಂಡು ನನ್ನನ್ನು ಕೇಳಿದಳು.

"ಇಲ್ಲಿ ಹತ್ತು ಮಂದಿ ಮುಂದ ಹೇಳಿದ್ರಿ, ಚೊಲೋ ಆತು. ನೋಡಿದವ್ರು ಹತ್ತೇ ಮಂದಿ ಏನ್ರಿ?"

ಬಸ್ಸಿನಲ್ಲಿ ಮಡಚಿಟ್ಟುಕೊಂಡಿದ್ದೆಲ್ಲ ಆ ಒಂದು ಪ್ರಶ್ನೆಗೆ ಬಿಚ್ಚಿಬಿತ್ತು. ಇಲ್ಲ ಎಂದೆ. ಮೌಶಿ ಹಿಂದಿನಿಂದ, "ಸಾಕು ಬಿಡ್ರಿ, ಬಾಯಿಗಿ ತಕಲೀಫ್ ಮಾಡಬ್ಯಾಡ್ರಿ," ಎನ್ನುತ್ತಿದ್ದಳು. ಆಕೆ ಹಾಗೆಂದದ್ದಕ್ಕೇ ನನಗೆ ನಿಲ್ಲಲಾಗಲಿಲ್ಲ. ಫೋನನ್ನು ಹೆಡ್ ಮಾಸ್ತರರ ಕೈಗೆ ಕೊಟ್ಟು, ವಿಡಿಯೊ ಹಿಡಿಯಲು ಹೇಳಿ, ಆ ಗೋಡೆಯ ಮುಂದೆ ನಿಂತೆ. ಹೆಸರು ಹೇಳಿದೆ. ಆ ವಿಡಿಯೊದಲ್ಲಿ "ನಂತರ" ಎಂದು ತೋರಿಸಿದ್ದು ಗುಣವಾದ ಕೈಯಲ್ಲ, ಮೊದಲಿನಿಂದಲೂ ಚೆನ್ನಾಗಿದ್ದ ಕೈ, ಅದನ್ನು ನಾನೇ ತಿರುವಿ ಹಾಕಿದೆ, ರೋಗಿಯ ತಪ್ಪು ಏನೂ ಇಲ್ಲ ಎಂದೆ. ಆರು ವಾರಕ್ಕೆ ಭುಜ ಎಷ್ಟು ಸಡಿಲವಾಗುತ್ತದೆ ಎಂಬುದನ್ನು ಈ ಗೆರೆಗಳಲ್ಲಿ ನೋಡಿ, ಇಷ್ಟೇ ಆಗುತ್ತದೆ ಎಂದೆ. ಶಾಲೆಯ ಅಂಗಳದಲ್ಲಿ ನಿಂತೇ ಅದನ್ನು ಹಾಕಿದೆ. ಸರ್ಜನ್‌ಗೂ ಕಳಿಸಿದೆ.

ಮೌಶಿಯ ಕೆಲಸ ಉಳಿಯಿತು. ಒಂದು ದೊಡ್ಡ ಬೋಗಾಣಿಯ ಬದಲು ಎರಡು ಸಣ್ಣ ಪಾತ್ರೆಯಲ್ಲಿ ಅನ್ನ ಮಾಡಬೇಕೆಂದು ಸಮಿತಿ ಹೇಳಿತು. ಆದರೆ ಕೀಲಿಯ ಮಾತು ಯಾರೂ ಎತ್ತಲಿಲ್ಲ. ಅದು ಜೊತೆಯವಳ ಸೊಂಟದಲ್ಲೇ ಉಳಿಯಿತು. ನಾನು ಹೆಡ್ ಮಾಸ್ತರರನ್ನು ಕೇಳಿದೆ. "ಈಗ ಬ್ಯಾಡ್ರಿ, ಸ್ವಲ್ಪ ದಿನಾ ಹೋಗ್ಲಿ," ಎಂದರು. ಹನ್ನೊಂದು ವರ್ಷ ಆ ಕೀಲಿ ಮೌಶಿಯ ಹತ್ತಿರ ಇತ್ತು.

ಬಸ್ಸಿನ ತನಕ ಮೌಶಿ ನನ್ನ ಜೊತೆ ಬಂದಳು. ನಾನು ಕ್ಷಮೆ ಕೇಳಿದೆ. ಕನ್ನಡಿಯ ಮಾತು ಹೇಳಿದ್ದೂ ಸುಳ್ಳು ಎಂದೆ.

"ಗೊತ್ತಿತ್ರಿ," ಎಂದಳು.

ನಾನು ನಿಂತೆ.

"ಅವತ್ತೇ ಮನಿಗಿ ಹೋಗಿ ಕನ್ನಡಿ ಮುಂದ ನಿಂತು ಎರಡೂ ಕೈ ಎತ್ತಿ ನೋಡ್ದೆ. ವಿಡಿಯೊದಾಗಿಂದು ಡಾವಾ ಕೈ, ಎಡಗೈ, ಅಂತ ತಿಳೀತು. ನಾ ಏನ್ ಸಣ್ಣ ಕೂಸೇನ್ರಿ?"

"ಮತ್ತ ಯಾಕ ಹೇಳಲಿಲ್ಲ ಮೌಶಿ? ಬೋಗಾಣಿ ಎತ್ತೋ ಮೊದಲ ಒಂದು ಮಾತು ಹೇಳಿದ್ರ ಮುಗೀತಿತ್ತು. ಇವತ್ತೂ ಹೇಳಲಿಲ್ಲ."

ಆಕೆ ಬಸ್ಸು ಬರುವ ದಾರಿಯ ಕಡೆ ನೋಡಿದಳು. "ನೀವು ಹೊಸದಾಗಿ ಕುಂತೀರಿ ಬಾಯಿ. ಮಂದಿ ಈಗೀಗ ನಂಬ್ಲಾಕತ್ತಿದ್ರು. ನಾ ಒಂದು ಮಾತು ಅಂದಿದ್ರ ಯಾರ್ ಬರ್ತಿದ್ರು ನಿಮ್ಮ ಬಲ್ಲಿ? ನಾ ಮಾಡಿದ ಅನ್ನ ಯಾರೂ ಉಣ್ಣದ ದಿನ ನಾ ನೋಡೀನ್ರಿ. ಯಾರಿಗೂ ಬರಬಾರ್ದು ಅದು."

ಬಸ್ಸು ಬಂತು. ಹತ್ತಿ ಕೂತೆ. ಬೀದರ್ ಬರುವ ತನಕ ಫೋನ್ ಮುಟ್ಟಲಿಲ್ಲ. ಮುಟ್ಟಿದಾಗ ಸರ್ಜನ್ ಅವರದು ಒಂದೇ ಸಾಲು ಇತ್ತು: ಸದ್ಯಕ್ಕೆ ವಿಭಾಗ ಶುರು ಮಾಡುವ ವಿಚಾರ ಇಲ್ಲ. ಬಂದ ಬೈಗುಳಗಳನ್ನು ಓದಿದೆ. ಅವುಗಳಲ್ಲಿ ಹೆಚ್ಚಿನವು ನ್ಯಾಯವಾಗಿಯೇ ಇದ್ದವು. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಮತ್ತೆ ಚಪ್ಪಲಿಗೆ ಜಾಗವಾಯಿತು. ಭಾಲ್ಕಿಯಲ್ಲಿ ತಾಯಿಯನ್ನು ಎತ್ತಿಕೊಂಡು ಬಂದಿದ್ದವನನ್ನು ಹುಡುಕಿದೆ, ಸಿಗಲಿಲ್ಲ. ಆತನ ಊರು ಕೇಳಿಟ್ಟುಕೊಂಡಿರಲಿಲ್ಲ.

ಗುರುವಾರ ಔರಾದಿಗೆ ಹೋಗುವುದನ್ನು ಬಿಡಲಿಲ್ಲ. ಮೌಶಿಯೂ ಬರುವುದನ್ನು ಬಿಡಲಿಲ್ಲ. ಎಂಬತ್ತರಿಂದ ಮತ್ತೆ ಶುರು ಮಾಡಿದೆವು. ಬಿಸಿ ಚೀಲ, ಜೆಲ್, ಮೆಲ್ಲಗೆ ಎಳೆಯುವುದು. ಗೋಡೆಯ ಮೇಲೆ ಹೊಸ ಗೆರೆ. ಈ ಸಲ ಮಕ್ಕಳೂ ಗೆರೆ ಎಣಿಸುತ್ತಿದ್ದಾರೆ ಎಂದು ಆಕೆಯೇ ಹೇಳಿದಳು. ಬೇಸಿಗೆ ರಜೆ ಬಂದು ಹೋಯಿತು. ಮಳೆ ಹಿಡಿದ ಒಂದು ಗುರುವಾರ ಪಟ್ಟಿ ನೂರ ಅರವತ್ತೈದು ತೋರಿಸಿತು. ಎರಡನೆಯ ಸಲ ಅಳೆದೆ. ಅಷ್ಟೇ ಇತ್ತು. ರಿಜಿಸ್ಟರಿನಲ್ಲಿ ಬರೆದೆ.

"ಈಗ ವಿಡಿಯೊ ತಗೀರಿ ಬಾಯಿ," ಎಂದಳು ಮೌಶಿ.

ಬೇಡ ಎಂದೆ. ನಿಜಕ್ಕೂ ಬೇಡವಾಗಿತ್ತು. ಆಕೆ ಕೇಳಲಿಲ್ಲ. "ನಿಮ್ಮ ಸಲುವಾಗಿ ಅಲ್ರಿ. ನನ್ನ ಸಲುವಾಗಿ ತಗೀರಿ. ಊರಿನ ಆ ಗುಂಪಿನಾಗ ಇದೂ ಬರ್ಲಿ." ಕುರ್ಚಿ ಎಳೆದು ಹಸಿರು ಪರದೆಯ ಮುಂದೆ ತಾನೇ ಕೂತಳು. ನಾನು ಫೋನ್ ಹಿಡಿದೆ. ಎತ್ತಿ ಮೌಶಿ ಎಂದೆ.

ಆಕೆ ಕೂಡಲೇ ಎತ್ತಲಿಲ್ಲ. ಫೋನಿನ ಕಡೆ ನೇರ ನೋಡಿ, ಯಾರೂ ಹೇಳದೆ, ಮೊದಲು ಎಡ ಮೂಗಿನ ಮೂಗುತಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಎಲ್ಲರೂ ನೋಡಲಿ ಎಂದು ಆ ಬೆರಳನ್ನು ಅಲ್ಲೇ ಒಂದು ಗಳಿಗೆ ಹಿಡಿದಳು. ಆಮೇಲೆ ಬಲಗೈಯನ್ನು ಕಿವಿಯ ತನಕ ಎತ್ತಿದಳು.